ತೊಂಬತ್ತೇಳಪ್ಪ

ಮಕ್ಕಳ ವಾರ್ಡಿನ ನರ್ಸಮ್ಮ ಅವನಿಗೆ ಮನಸ್ಸಿನಲ್ಲೇ ತೊಂಬತ್ತೇಳಪ್ಪ ಎಂದು ನಾಮಕರಣ ಮಾಡಿದ್ದಳು. ನ್ಯುಮೋನಿಯಾದಿಂದ ಮಲಗಿದ್ದ ಎರಡು ವರ್ಷದ ಮಗಳ ಬೆರಳಿನ ಕ್ಲಿಪ್ಪು ರಕ್ತದ ಆಕ್ಸಿಜನ್ ಎಷ್ಟೆಂದು ತೋರಿಸಿದೊಡನೆ, ಇದ್ದ ಒಂದೇ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು ಅವನು ನೆಂಟರಿಗೆಲ್ಲ ಫೋನಿನಲ್ಲಿ ಡಂಗುರ ಸಾರುತ್ತಿದ್ದ: "ತೊಂಬತ್ತೇಳು! ನಾನಿದ್ದೀನಲ್ಲ, ಪಕ್ಕ ಬಿಟ್ಟು ಅಲ್ಲಾಡಿಲ್ಲ." ಬೆರಳು ತಣ್ಣಗಾದರೆ ಕ್ಲಿಪ್ಪು ತಪ್ಪು ತೋರಿಸುತ್ತದೆಂದು, ನೆಲದಲ್ಲಿ ಕೂತ ಹೆಂಡತಿ ಗಳಿಗೆಗೊಮ್ಮೆ ಎದ್ದು ಆ ಪುಟ್ಟ ಕೈಯನ್ನು ಉಜ್ಜಿ ಬೆಚ್ಚಗಿಡುತ್ತಿದ್ದಳು. ಅಂಕಿ ಏರಿದರೆ ಅವನು ಮೀಸೆ ತಿರುವುತ್ತಿದ್ದ, ಇಳಿದರೆ, "ಏನೇ ನೋಡ್ಕೊಳ್ತೀಯ ನೀನು?" ಎನ್ನುತ್ತಿದ್ದ. ನಾಲ್ಕನೆಯ ದಿನ ಬೆಳಿಗ್ಗೆ ಅವಳು, "ಎರಡು ಗಂಟೆಗೊಮ್ಮೆ ಎಬ್ಬಿಸಿ ಹಾಲು ಕುಡಿಸ್ರೀ" ಎಂದು ಹೇಳಿ, ಅತ್ತೆಗೆ ಬೇಯಿಸಿಟ್ಟು ಸ್ನಾನ ಮಾಡಿ ಬರಲು ಮನೆಗೆ ಹೋದಳು. ಮಧ್ಯಾಹ್ನ ನರ್ಸಮ್ಮ ಬಂದಾಗ ಅವನು ಫೋನಿಗೆ, "ಎಂಥಾ ನಿದ್ದೆ ಅಂತೀಯ! ತೊಂಬತ್ತೇಳು!" ಎನ್ನುತ್ತಿದ್ದ. ಅವಳು ಮಗುವಿನ ಕುತ್ತಿಗೆ ಮುಟ್ಟಿದಳು, ತಣ್ಣನೆಯ ಬೆವರು. ಅಲುಗಾಡಿಸಿದರೂ ಎಚ್ಚರವಿಲ್ಲ. "ನಿದ್ದೆ ಅಲ್ಲಾರೀ, ರಕ್ತದಲ್ಲಿ ಸಕ್ಕರೆ ಇಳಿದಿದೆ! ಉಸಿರೊಂದಿದ್ರೆ ಸಾಕಾ, ಹೊಟ್ಟೆಗೆ ಬೇಡ್ವಾ?" ಡಾಕ್ಟರು ಓಡಿ ಬಂದು ನರಕ್ಕೆ ಗ್ಲೂಕೋಸ್ ಹರಿಸಿದ ಮೇಲೆ ಮಗು ಕಣ್ಣು ಬಿಟ್ಟು ಅತ್ತಿತು. "ಬೆಳಗಿನಿಂದ ಯಾಕ್ರೀ ಹಾಲು ಕೊಡಲಿಲ್ಲ?" ಎಂದು ನರ್ಸಮ್ಮ ಗದರಿದಳು. ಅವನು ಫೋನನ್ನು ಜೇಬಿಗಿಳಿಸಿ, ಪಕ್ಕದ ಮಂಚದವರಿಗೆ ಕೇಳದಂತೆ ಹೇಳಿದ: "ಬಾಟ್ಲಲ್ಲಿ ಕುಡೀತಾಳೋ ಲೋಟದಲ್ಲೋ ಗೊತ್ತಿರ್ಲಿಲ್ಲ ಸಿಸ್ಟರ್. ನಿಮ್ಮನ್ನ ಕೇಳಿದ್ರೆ ನಗ್ತೀರಿ ಅಂತ ಸುಮ್ಮನಿದ್ದೆ."