ಆಯಿಯ ಮಾತು ಕೇಳಿಸಿಕೊಂಡ ಮಾಸ್ತರರು

ಕಳೆದ ವಾರ ಪಕ್ಕದ ಮನೆಯವರು ಅಂಗಳದಲ್ಲಿ ಮುರುಗಲು ಹಣ್ಣಿನ ಸಿಪ್ಪೆ ಒಣಹಾಕಿದ್ದರು. ಬಿಸಿಲು ಏರಿದಂತೆ ಉಪ್ಪು ಬೆರೆತ ಆ ಹುಳಿವಾಸನೆ ನಮ್ಮ ಜಗಲಿಯವರೆಗೂ ಬಂತು. ಅಕ್ಕಿ ಆರಿಸುತ್ತಿದ್ದವಳು ಗೆರಸೆಯನ್ನು ಬದಿಗಿಟ್ಟು ಸುಮ್ಮನೆ ಕುಳಿತೆ. ಐವತ್ತು ವರ್ಷಕ್ಕೂ ಹಿಂದಿನ ಅಂಕೋಲೆಯ ತವರುಮನೆ, ಚಾಪೆಯ ಮೇಲೆ ಕೆಂಪಗೆ ಹರಡಿದ್ದ ಮುರುಗಲು, ಗೋಡೆಗೆ ಒರಗಿ ಕುಳಿತಿದ್ದ, ನಾವು ಆಯಿ ಎಂದು ಕರೆಯುತ್ತಿದ್ದ ಅಮ್ಮ, ಅವಳೆದುರು ಮಣೆಯ ಮೇಲೆ ಮಾಸ್ತರರು...

ಅವರು ನಮಗೆ ಶಾಲೆಯಲ್ಲಿ ಕಲಿಸಿದವರಲ್ಲ. ಮುಂಬೈಯ ಕಾಲೇಜೊಂದರಲ್ಲಿ ತತ್ವಶಾಸ್ತ್ರ ಹೇಳಿಕೊಡುತ್ತಿದ್ದವರು. ಅದಕ್ಕೂ ಮೊದಲು ಹಡಗು ಹತ್ತಿ ಜರ್ಮನಿಗೆ ಹೋಗಿ ಓದಿ ಬಂದವರಂತೆ. ಉಪ್ಪಿನ ಸತ್ಯಾಗ್ರಹದ ಹೊತ್ತಿಗೆ ಊರಿಗೆ ಬಂದರು, ಜೈಲಿಗೆ ಹೋದರು, ಬಿಡುಗಡೆಯಾದ ಮೇಲೆ ಮುಂಬೈಗೆ ಮರಳಲೇ ಇಲ್ಲ. ನಮ್ಮ ಬೇಲಿಯಾಚೆ ಅವರ ಹಿರಿಯರ ಮನೆಯಿತ್ತು. ಅಲ್ಲಿ ಒಬ್ಬರೇ ಇದ್ದರು. ಊರವರಿಗೆಲ್ಲ ಅವರು ಮಾಸ್ತರರು, ಅಷ್ಟೆ.

ಒಂದು ಮುಂಜಾನೆ ಅವರು ತೆಂಗಿನಕಾಯಿಯೊಂದನ್ನು ಎದುರಿಗಿಟ್ಟುಕೊಂಡು ಬಹಳ ಹೊತ್ತು ನೋಡುತ್ತ ಕುಳಿತಿದ್ದನ್ನು ಮೀನಿನ ಬುಟ್ಟಿ ಹೊತ್ತು ಬಂದ ಹೆಂಗಸೊಬ್ಬಳು ಕಂಡಳು. ಮಾಸ್ತರರ ತಲೆ ಜೈಲಲ್ಲಿ ಕೆಟ್ಟಿತು ಎಂಬ ಸುದ್ದಿ ಪೇಟೆಯವರೆಗೂ ಹೋಯಿತು. ಆಗ ನನಗಿನ್ನೂ ಮದುವೆಯಾಗಿರಲಿಲ್ಲ. ಬೇಲಿಯ ಹತ್ತಿರ ನಿಂತು, ನಿಜವೇ ಎಂದು ಅವರನ್ನೇ ಕೇಳಿದ್ದೆ. ಅವರಿಗೆ ಸಿಟ್ಟು ಬರಲಿಲ್ಲ. ಕಾಯಿಯ ಒಂದು ಮಗ್ಗುಲಷ್ಟೇ ಕಣ್ಣಿಗೆ ಬೀಳುತ್ತದೆ, ಹಿಂದಿನದು ಬೀಳುವುದಿಲ್ಲ, ಆದರೂ ಅರ್ಧ ಕಾಯಿ ಕಂಡೆ ಎಂದು ಯಾರೂ ಹೇಳುವುದಿಲ್ಲ, ಕಾಯಿ ಕಂಡೆ ಎಂದೇ ಹೇಳುತ್ತಾರೆ, ಅದು ಹೇಗೆ ಎಂದು ನೋಡುತ್ತಿದ್ದೆ ಎಂದರು. ಗೊತ್ತಿರುವುದನ್ನೆಲ್ಲ ಸ್ವಲ್ಪ ಬದಿಗಿಟ್ಟು, ಕಂಡದ್ದು ಹೇಗೆ ಕಂಡಿತೋ ಹಾಗೆ ಹೇಳುವುದು, ತಾನು ಕಲಿತು ಬಂದ ವಿದ್ಯೆ ಇಷ್ಟೇ ಎಂದರು. ಇದನ್ನು ಕಲಿಯಲು ಜರ್ಮನಿಗೆ ಹೋಗಬೇಕಿತ್ತೇ ಎಂದು ನನಗೆ ನಗು ಬಂದಿತ್ತು.

ನನ್ನನ್ನು ಹಾರವಾಡಕ್ಕೆ ಮದುವೆ ಮಾಡಿ ಕೊಟ್ಟ ಮರುವರ್ಷ ಆಯಿ ಬಾವಿಕಟ್ಟೆಯ ಹತ್ತಿರ ಕುಸಿದು ಬಿದ್ದಳು. ಸುದ್ದಿ ತಿಳಿದು ನಾನು ಓಡಿ ಬಂದೆ. ಬಲಗೈ, ಬಲಗಾಲು ಎರಡೂ ಸತ್ತುಹೋಗಿದ್ದವು. ಮಾತೂ ಹೋಗಿತ್ತು. ಉಳಿದದ್ದು ಒಂದೇ ಮಾತು, ‘ತಕೋ’. ಬಾಯಾರಿದರೂ ತಕೋ, ನೋವಾದರೂ ತಕೋ, ನನ್ನನ್ನು ಕಂಡು ಅಳು ಬಂದಾಗಲೂ ತಕೋ. ಬೀದಿಯಲ್ಲಿ ಎಮ್ಮೆ ಮಾರುವವನ ಹತ್ತಿರ ತಾಸುಗಟ್ಟಲೆ ವಾದ ಮಾಡಿ ಗೆಲ್ಲುತ್ತಿದ್ದ ಬಾಯಿ ಅದು.

ಕಾರವಾರದಿಂದ ಡಾಕ್ಟರರು ಬಂದು ನೋಡಿದರು. ಮಾತು ತಿರುಗಿ ಬರಲಿಕ್ಕಿಲ್ಲ, ಬುದ್ಧಿಯೂ ಇನ್ನು ಮಗುವಿನ ಹಾಗೆಯೇ, ಹೊತ್ತು ಹೊತ್ತಿಗೆ ಉಣಿಸಿ ಮಲಗಿಸಿ ಎಂದರು. ಅಂದಿನಿಂದ ಮನೆಗೆ ಬಂದವರೆಲ್ಲ ಆಯಿಯನ್ನು ಬಿಟ್ಟು ತಮ್ಮತಮ್ಮೊಳಗೇ ಮಾತಾಡತೊಡಗಿದರು. ಅವಳ ಎದುರಿಗೇ, ಅವಳ ಬಗ್ಗೆಯೇ, ಅವಳು ಅಲ್ಲಿಲ್ಲದ ಹಾಗೆ. ಅಪ್ಪನೂ ಹಾಗೆಯೇ. ಅಪ್ಪ ಕಾರವಾರದ ಕೋರ್ಟಿನಲ್ಲಿ ಕಾರಕೂನರು. ಶನಿವಾರ ಬಂದು ಸೋಮವಾರ ಹೋಗುತ್ತಿದ್ದರು. ಬಂದವರು ಆಯಿಯ ಮುಖ ನೋಡಲಾರದೆ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು.

ಮಾಸ್ತರರು ಮಾತ್ರ ದಿನಾ ಮಧ್ಯಾಹ್ನ ಬಂದು ಆಯಿಯ ಎದುರು ಕುಳಿತುಕೊಳ್ಳುತ್ತಿದ್ದರು. ‘ಅಕ್ಕಾ, ಹೆಂಗಿದ್ದೀರಿ’ ಎಂದು ಕೇಳಿ, ಸುಮ್ಮನೆ ಕಾಯುತ್ತಿದ್ದರು. ಆಯಿ ತಕೋ ಎನ್ನುತ್ತಿದ್ದಳು. ಅವರು ತಲೆಯಾಡಿಸುತ್ತಿದ್ದರು. ನನಗೆ ಅದು ಒಂದು ಬಗೆಯ ದಾಕ್ಷಿಣ್ಯದ ಹಾಗೆ ಕಾಣುತ್ತಿತ್ತು.

ವೈಶಾಖದ ಒಂದು ದಿನ. ನಾನೂ ತಂಗಿಯೂ ಆಯಿ ಪ್ರತಿವರ್ಷ ಮಾಡುತ್ತಿದ್ದ ಹಾಗೆ ಮುರುಗಲು ಒಡೆದು, ಸಿಪ್ಪೆಗೆ ಉಪ್ಪು ಹಾಕಿ ಅಂಗಳದಲ್ಲಿ ಹರಡಿದ್ದೆವು. ನಾನು ಒಳಗೆ ಅಡಿಗೆಯಲ್ಲಿದ್ದಾಗ ಜಗಲಿಯಲ್ಲಿ ಆಯಿ ಒಂದೇ ಸಮನೆ ತಕೋ ತಕೋ ಎನ್ನುವುದು ಕೇಳಿತು. ನೀರು ಕೊಟ್ಟೆ, ಎಡಗೈಯಿಂದ ತಳ್ಳಿದಳು. ದಿಂಬು ಸರಿಮಾಡಿದೆ, ಇನ್ನೂ ಗಟ್ಟಿಯಾಗಿ ಕೂಗಿದಳು. ನನಗೆ ಸಾಕಾಗಿ ಹೋಗಿತ್ತು. ಅಷ್ಟರಲ್ಲಿ, ಎಂದಿನಂತೆ ಬಂದು ಕುಳಿತಿದ್ದ ಮಾಸ್ತರರು ಮಣೆಯಿಂದ ಎದ್ದು, ಆಯಿಯ ಪಕ್ಕಕ್ಕೆ ಹೋಗಿ, ಅವಳ ಹಾಗೆಯೇ ಗೋಡೆಗೆ ಒರಗಿ ಕುಳಿತರು.

‘ಬಾಯಿ ನೋಡಬೇಡ ಮಗಾ, ಕಣ್ಣು ಎತ್ತ ಹೋಗ್ತದೆ ನೋಡು’ ಎಂದರು.

ನಾನೂ ಬಗ್ಗಿ ನೋಡಿದೆ. ಆಯಿಯ ಕಣ್ಣು ತೆಂಗಿನ ತಲೆಗಳ ಆಚೆ ಸಮುದ್ರದ ಕಡೆ ಹೋಗುತ್ತಿತ್ತು. ಅಲ್ಲಿಂದ ಅಂಗಳದ ಚಾಪೆಗೆ ಇಳಿದು, ಮತ್ತೆ ಅತ್ತ. ಅಲ್ಲಿ ಆಕಾಶ ಕಪ್ಪಾಗಿತ್ತು. ನಾನೂ ತಂಗಿಯೂ ಓಡಿಹೋಗಿ ಚಾಪೆಗಳನ್ನು ಒಳಗೆ ಎಳೆದುಕೊಳ್ಳುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು. ತಿರುಗಿ ನೋಡಿದರೆ ಆಯಿ ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಕೆಲಸ ಮುಗಿಸಿದವಳ ಮುಖ ಅದು. ಎಷ್ಟೋ ದಿನಗಳ ಮೇಲೆ ನನ್ನ ಆಯಿಯನ್ನು ಕಂಡ ಹಾಗಾಗಿ, ನಾನು ಅಲ್ಲೇ ಕುಳಿತು ಅತ್ತುಬಿಟ್ಟೆ.

ಅರಿವೆಂದರೆ ಡಬ್ಬಿಯೊಳಗೆ ಇಟ್ಟ ಸಾಮಾನಲ್ಲ ಎಂದು ಅವತ್ತು ಮಾಸ್ತರರು ಹೇಳಿದರು. ಅದು ಯಾವಾಗಲೂ ಯಾವುದೋ ಒಂದರ ಕಡೆಗೆ ಮುಖ ಮಾಡಿಕೊಂಡೇ ಇರುತ್ತದೆ. ಮಳೆಯ ಕಡೆಗೆ, ಮಗಳ ಕಡೆಗೆ, ನಾಳೆಯ ಕಡೆಗೆ. ನಿಮ್ಮ ಆಯಿ ಎತ್ತ ಮುಖ ಮಾಡಿದ್ದಾಳೆ ಎಂದು ಕಂಡುಕೊಂಡರೆ ಸಾಕು, ಅವಳು ಅಲ್ಲೇ ಸಿಗುತ್ತಾಳೆ... ಅಂದಿನಿಂದ ನಾವೂ ಕಲಿತೆವು. ತಕೋ ಒಂದೇ ಆಗಿರಲಿಲ್ಲ. ಕೇಳುವ ತಕೋ, ಬೇಡವೆನ್ನುವ ತಕೋ, ಗದರಿಸುವ ತಕೋ ಎಲ್ಲ ಇದ್ದವು. ಸಾರಿಗೆ ಉಪ್ಪು ಕಡಿಮೆಯಾದರೆ ಅದಕ್ಕೂ ಬೇರೆ ತಕೋ.

ಆದರೆ ಅಪ್ಪ ಬೇರೆಯದೇ ನಿಶ್ಚಯ ಮಾಡಿಕೊಂಡಿದ್ದರು. ನಾನು ಎಷ್ಟು ದಿನ ಗಂಡನ ಮನೆ ಬಿಟ್ಟಿರಲು ಸಾಧ್ಯ? ನಾನು ಹೋದ ಮೇಲೆ ವಯಸ್ಸಿಗೆ ಬಂದ ತಂಗಿಯನ್ನು ನೋಡಿಕೊಳ್ಳುವವರು ಯಾರು? ರಾಮನಗುಳಿಯಲ್ಲಿ ಹೆಂಡತಿ ಸತ್ತ ಒಬ್ಬರಿದ್ದರು, ಎರಡು ಮಕ್ಕಳ ತಂದೆ. ಒಳ್ಳೆಯವರೇ. ತಂಗಿಗೆ ಹದಿನಾಲ್ಕು ತುಂಬಿತ್ತಷ್ಟೆ. ಆಯಿ ಬಿದ್ದ ದಿನದಿಂದ ಅವಳ ಶಾಲೆಯೂ ನಿಂತಿತ್ತು, ಪಾಟಿಚೀಲ ನಡುಮನೆಯ ಮೊಳೆಗೆ ತೂಗುಬಿದ್ದಿತ್ತು. ಮದುವೆಯ ಮಾತು ಕಿವಿಗೆ ಬಿದ್ದ ಮೇಲೆ ಅವಳು ರಾತ್ರಿ ಊಟ ಬಿಟ್ಟಳು.

ಭಾನುವಾರ ಜಗಲಿಯಲ್ಲಿ ಅಪ್ಪ ಮಾಸ್ತರರಿಗೂ ಈ ವಿಷಯ ತಿಳಿಸಿದರು. ಮಾಸ್ತರರು ಕೇಳಿದ್ದು ಇಷ್ಟೇ, ಅಕ್ಕನ ಹತ್ತಿರ ಕೇಳಿದಿರಾ ಎಂದು.

ಅಪ್ಪ, ‘ಅವಳಿಗೆ ಎಂತಾ ಕೇಳೂದು ಮಾಸ್ತರೆ. ಅವಳು ಒಳಗೆ ಇದ್ದಾಳೋ ಇಲ್ವೋ, ಅದೇ ನಂಗೆ ಗೊತ್ತಿಲ್ಲ’ ಎಂದರು.

‘ನಾನು ಒಳಗೆ ಇದ್ದೇನೆ ಅಂತ ನಿಮಗೆ ಯಾರು ಹೇಳಿದ್ರು?’ ಎಂದರು ಮಾಸ್ತರರು. ‘ನನ್ನ ಒಳಗನ್ನ ನೀವು ಕಂಡವರಲ್ಲ. ಆದ್ರೂ ನನ್ನ ಹತ್ರ ಮಾತಾಡ್ತಾ ಇದ್ದೀರಿ. ಅವರ ಹತ್ರಾನೂ ಹಾಗೇ ಕೂತು ಮಾತಾಡಿ. ಆಮೇಲೆ ಮಾತ್ರ ಕಾಯಬೇಕು.’

ಅಪ್ಪ ಎದ್ದು ನಡುಮನೆಗೆ ಬಂದರು. ಆಯಿ ಬಿದ್ದ ಮೇಲೆ ಮೊದಲ ಸಲ ಅವಳೆದುರು ನೆಲದ ಮೇಲೆ ಕುಳಿತರು. ರಾಮನಗುಳಿಯ ಸಂಬಂಧದ ವಿಷಯವನ್ನು ಮೊದಲಿನಿಂದ ಹೇಳಿದರು, ಹಿಂದೆ ಆಯಿಯ ಹತ್ತಿರ ಎಲ್ಲವನ್ನೂ ಹೇಳುತ್ತಿದ್ದ ಹಾಗೆಯೇ. ಹೇಳಿ ಮುಗಿಸಿ, ಏನು ಮಾಡುವುದು ಎಂದು ಕೇಳಿ ಕಾದರು. ಆಯಿ ಅವರನ್ನೇ ನೋಡಿದಳು. ಆಮೇಲೆ ಅವಳ ಕಣ್ಣು ಮೊಳೆಯ ಕಡೆಗೆ ಹೋಯಿತು, ಅಪ್ಪನ ಕಡೆಗೆ ಬಂತು, ಮತ್ತೆ ಮೊಳೆಯ ಕಡೆಗೆ ಹೋಯಿತು. ಈ ಸಲ ಯಾರೂ ತೋರಿಸಿಕೊಡಬೇಕಾಗಲಿಲ್ಲ. ಅಪ್ಪನೇ ಎದ್ದು ಪಾಟಿಚೀಲವನ್ನು ಇಳಿಸಿ ಅವಳ ಮಡಿಲಲ್ಲಿಟ್ಟರು. ಆಯಿ ಎಡಗೈಯಿಂದ ಅದರ ಧೂಳು ಒರೆಸಿದಳು. ಒಂದೇ ಕೈಯಲ್ಲಿ ಕಷ್ಟಪಟ್ಟು ಎತ್ತಿ, ಬಾಗಿಲ ಹತ್ತಿರ ನಿಂತಿದ್ದ ತಂಗಿಯ ಕಡೆ ಚಾಚಿದಳು.

‘ತಕೋ’ ಎಂದಳು.

ತಂಗಿ ಬಂದು ತೆಗೆದುಕೊಂಡಳು. ಅಪ್ಪ ಆಯಿಯ ಸತ್ತ ಕೈಯನ್ನು ಹಿಡಿದುಕೊಂಡು, ನೀನು ಇಲ್ಲೇ ಇದ್ದೆಯಲ್ಲ, ಇಲ್ಲೇ ಇದ್ದೆಯಲ್ಲ ಎಂದು ಎರಡು ಮೂರು ಸಲ ಹೇಳಿದರು. ನಾನು ಜಗಲಿಗೆ ಬಂದು ನೋಡಿದರೆ ಮಾಸ್ತರರು ಎದ್ದು ಹೋಗಿದ್ದರು.

ಮರುದಿನ ಅಪ್ಪ ಕೋರ್ಟಿಗೆ ರಜೆ ಹಾಕಿ ರಾಮನಗುಳಿಗೆ ತಾವೇ ಹೋಗಿ ಕೈಮುಗಿದು ಬಂದರು. ಮನೆಗೆಲಸಕ್ಕೆ ದೂರದ ಸಂಬಂಧದ ವಿಧವೆಯೊಬ್ಬಳು ಬಂದು ಉಳಿದಳು. ಆಯಿ ಅಡಿಗೆಮನೆಯ ಮಣೆಯ ಮೇಲೆ ಕುಳಿತು, ಎಡಗೈಯಿಂದ ತೋರಿಸುತ್ತ, ಒಂದೇ ಮಾತಿನಲ್ಲಿ ಮತ್ತೆ ಸಂಸಾರ ನಡೆಸಿದಳು. ತಂಗಿ ಮುಲ್ಕಿ ಪರೀಕ್ಷೆ ಪಾಸಾದಳು, ನರ್ಸಿಂಗ್ ಕಲಿತಳು, ಕಾರವಾರದಲ್ಲೇ ಕೆಲಸಕ್ಕೆ ಸೇರಿದಳು. ಅವಳ ಮೊದಲ ಸಂಬಳದ ಸೀರೆ ಉಟ್ಟುಕೊಂಡು ಕುಳಿತಿದ್ದ ಆಯಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮಾಸ್ತರರು ಅದನ್ನು ಕಾಣಲಿಲ್ಲ. ಜೈಲಿನಿಂದಲೇ ಹತ್ತಿದ ಕೆಮ್ಮು ಹೆಚ್ಚಾಗಿ, ಅವರ ಅಣ್ಣನ ಮಗ ಬಂದು ಮೀರಜಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊರಡುವ ಮುನ್ನ ಆಯಿಗೆ ಹೇಳಲು ಬಂದಿದ್ದರಂತೆ, ನಾನು ಹಾರವಾಡದಲ್ಲಿದ್ದೆ. ಆಯಿ ಅವರ ಕಡೆ ಕೈಚಾಚಿ ಏನೋ ಹೇಳಿದಳು, ಆ ತಕೋ ಯಾವುದೆಂದು ತನಗೂ ತಿಳಿಯಲಿಲ್ಲ ಎಂದು ತಂಗಿ ಆಮೇಲೆ ಹೇಳಿದಳು. ಮಾಸ್ತರರಿಗೆ ತಿಳಿದಿರಬಹುದು... ಮಳೆಗಾಲ ಮುಗಿಯುವುದರೊಳಗೆ ಅವರು ಹೋದ ಸುದ್ದಿ ಬಂತು.

ಅವರ ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಮುಖ ಎಂಥದಿತ್ತು ಎಂದು ನೆನೆಸಿಕೊಳ್ಳಲು ಹೋದರೆ ಈಗ ಸರಿಯಾಗಿ ಬರುವುದಿಲ್ಲ. ನನ್ನ ಕಿವಿಯೂ ಮಂದವಾಗಿದೆ, ಆಡಬೇಕಾದ ಮಾತು ಬಾಯಿಗೆ ಬರಲು ಹೊತ್ತು ಹಿಡಿಯುತ್ತದೆ. ಮಕ್ಕಳು ಒಳ್ಳೆಯವರೇ, ಆದರೆ ನಾನು ಹೇಳಿ ಮುಗಿಸುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಾರೆ. ತಂಗಿ ಮಾತ್ರ ತಿಂಗಳಿಗೊಮ್ಮೆ ಕಾರವಾರದಿಂದ ಬಸ್ಸು ಹತ್ತಿ ಬರುತ್ತಾಳೆ. ಕುರ್ಚಿ ಎಳೆದುಕೊಂಡು ನನ್ನೆದುರು ಕುಳಿತು, ಹೇಗಿದ್ದೀಯೇ ಅಕ್ಕಾ ಎಂದು ಕೇಳಿ, ಕಾಯುತ್ತಾಳೆ. ನನಗೆ ಅವಸರವೇ ಇರುವುದಿಲ್ಲ. ನಿಧಾನವಾಗಿ ಎಲ್ಲವನ್ನೂ ಹೇಳುತ್ತೇನೆ.