ಹಸಿ ಗಚ್ಚಿನಲ್ಲಿ ಗುಳಿಗಳು

ಸ್ನೇಹಿತರೆ, ಇಂದಿನ ಸಂಗತಿಗಳು ಕ್ರಮವಾಗಿ ಹೀಗಿವೆ.

೧. ಕುಕನೂರಿನ ಸಾಲೆಯಲ್ಲಿ ಸಣ್ಣ ಮಕ್ಕಳ ಕೋಣೆಗೆ ನಿನ್ನೆ ನನ್ನ ಮೇಲ್ವಿಚಾರಣೆಯಲ್ಲಿ ಸುಣ್ಣದ ಗಚ್ಚು ಹಾಕಲಾಯಿತು.

೨. ಇಂದು ಬೆಳಿಗ್ಗೆ ಹೊಸ್ತಿಲ ಬಳಿಯ ಹಸಿ ನೆಲದಲ್ಲಿ ಎರಡು ಸಾಲು ಗುಳಿಗಳಿದ್ದವು.

೩. ರೈತರ ಮನೆಯ ನೀಲವ್ವ, ಪಿಂಜಾರರ ಫಾತಿಮಾ ಎಂಬ ಇಬ್ಬರು ಹುಡುಗಿಯರು ಹುಣಸೆ ಬೀಜ ಹಿಡಿದು ಅವುಗಳ ಆಚೀಚೆ ಕುಳಿತಿದ್ದರು.

ಹೆಡ್‌ಮಾಸ್ತರರು ಬಾಗಿಲಲ್ಲೇ ನಿಂತರು. "ಓವರ್ಸಿಯರ್ ಸಾಹೇಬ್ರ, ಗಚ್ಚು ಬಿಗಿಯೂದ್ರಾಗ ಮುಚ್ಚಿಸಿಬಿಡ್ರಿ. ಹೈದರಾಬಾದಿನ ಸಾಹೇಬ್ರು ನೋಡಾಕ ಬಂದ್ರ ನಾ ಏನ್ ಹೇಳ್ಲಿ? ಇದು ಸಾಲಿ, ಆಟ ಆಡೂ ಅಗಸಿ ಕಟ್ಟಿ ಅಲ್ಲ."

ನೀಲವ್ವ ತಲೆ ಎತ್ತಲಿಲ್ಲ. "ಮುಚ್ಚಿದ್ರ ನಮ್ಮ ಆಕಳು ಎಲ್ಲಿ ನಿಂದರಬೇಕ್ರಿ?"

ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಅದನ್ನು ಆಕಳೆನ್ನುವುದು ಈ ಅಳಗುಳಿ ಆಟದ ರೂಢಿ.

"ನಿನ್ನ ಆಕಳ ಮಗ್ಗಿ ಹೇಳತೈತೇನು?" ಎಂದರು ಮಾಸ್ತರರು.

"ಎರಡ ಆಕಳಾದ್ರ ಎಂಟ್ರಿ," ಎಂದಳು ನೀಲವ್ವ.

"ಆಠ್," ಎಂದು ಫಾತಿಮಾ ಒಪ್ಪಿಕೊಂಡಳು.

ಮತ್ತೆ ಆಟ ಸಾಗಿತು. ಒಬ್ಬಳು ಒಂದ, ಎರಡ ಎನ್ನುತ್ತಿದ್ದಳು. ಇನ್ನೊಬ್ಬಳು ಏಕ್, ದೋ. ಬೀಜ ಬೀಳುವ ಸದ್ದಿನಲ್ಲಿ ವ್ಯತ್ಯಾಸವಿರಲಿಲ್ಲ. ಹಸಿ ಸುಣ್ಣದ ವಾಸನೆಯಲ್ಲಿ, ಕಿಟಕಿಯ ಬಿಸಿಲು ಗುಳಿಯಿಂದ ಗುಳಿಗೆ ಸರಿಯುವುದನ್ನು ನೋಡುತ್ತ ನಾನು ಎಷ್ಟು ಹೊತ್ತು ನಿಂತೆನೋ ತಿಳಿಯದು. ಮಾಸ್ತರರೂ ಬಗ್ಗಿ ಗುಳಿಗಳನ್ನೇ ನೋಡುತ್ತಿದ್ದರು. ಕೊನೆಗೆ, "ಈಗ ಯಾರ ಪಾಳಿ?" ಎಂದು ಕೇಳಿದವರು ಅವರೇ.

ಗುಳಿಗಳಿಂದ ನೆಲಕ್ಕೆ ಬಾಧೆಯಿಲ್ಲವೆಂದು ಅವರಿಗೆ ಹೇಳಿದೆ. ಸಂಜೆ ಗೌಂಡಿಯು ಅಂಚುಗಳನ್ನು ನಯಗೊಳಿಸಿದನು. ಗುಳಿಗಳನ್ನು ಮುಚ್ಚಬಾರದೆಂದು ತೀರ್ಮಾನಿಸಿದ್ದೇನೆ. ಒಂದು ಸಾಲು ತುಸು ಸೊಟ್ಟಗಿದೆ, ಅದನ್ನೂ ತಿದ್ದುವುದಿಲ್ಲ.