ಜಾರುವ ಸ್ವರವನ್ನು ಸರಿಪಡಿಸಿದರು

ಚನ್ನಗಿರಿಯಲ್ಲಿ ನಮ್ಮದು ಮದುವೆ ಬ್ಯಾಂಡು, ನಮ್ಮ ತಂದೆ, ಅಬ್ಬಾ, ಕಟ್ಟಿದ್ದು. ಅದರಲ್ಲಿ ನಾನು ಟ್ರಾಂಬೋನ್ ಊದುತ್ತೇನೆ. ಕೊಳವೆಯನ್ನು ಎಳೆದು ನೂಕಿ ಊದುವ ಉದ್ದನೆಯ ಹಿತ್ತಾಳೆ ವಾದ್ಯ ಅದು. ಮೊಬೈಲಿನಲ್ಲಿ ಜಾಝ್ ಕೇಳಿ ಕೇಳಿ ಹುಚ್ಚು ಹತ್ತಿ, ಸಿನಿಮಾ ಹಾಡು ಬಿಟ್ಟು ನಮ್ಮದೇ ಐದು ಟ್ಯೂನ್‌ಗಳ ಆಲ್ಬಮ್ ಮಾಡಬೇಕು ಅಂತ ಹೊರಟೆ.

ಆಲ್ಬಮ್ಮಿಗೆ ನಾನೂ ಸೇರಿ ನಾಲ್ಕೇ ಜನ. ಸಾಸ್ವೆಹಳ್ಳಿಯಿಂದ ಕ್ಲಾರಿನೆಟ್ ಊದುವ ಹಿರಿಯರು, ನ್ಯಾಮತಿಯ ಡ್ರಮ್ಮಿನವನು, ಜಗಳೂರಿನಿಂದ ಕೀಬೋರ್ಡ್ ನುಡಿಸುವ ಟೀಚರಮ್ಮ. ಎಲ್ಲರನ್ನೂ ಒಂದೇ ದಿನ ದಾವಣಗೆರೆಯ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಕೂರಿಸುವಷ್ಟರಲ್ಲಿ ಮೂರು ತಿಂಗಳು ಹೋಯಿತು. ನಮಗೆ ಬಿಡುವಾದರೆ ಟೀಚರಮ್ಮನಿಗೆ ಪರೀಕ್ಷೆ ಡ್ಯೂಟಿ, ಅವರಿಗೆ ರಜೆಯಾದರೆ ನಮಗೆ ಮದುವೆ.

ಆ ದಿನ ಮಾತ್ರ ಚೆನ್ನಾಗಿ ಬಂತು. ಮೂರನೇ ಟ್ಯೂನಿನ ನಡುವೆ ಹಿರಿಯರ ಉಸಿರು ಸಾಲದೆ ಕ್ಲಾರಿನೆಟ್ ನಿಂತಿತು. ಅವರು ಬಿಟ್ಟ ಸ್ವರಕ್ಕೆ ನಾನು ಕೊಳವೆ ಎಳೆಯುತ್ತಾ ಮೇಲಿನ ಸ್ವರದಿಂದ ನಿಧಾನ ಜಾರಿ ಬಂದೆ. ಅವರು ಕಣ್ಣಲ್ಲೇ ನಕ್ಕು ಅಲ್ಲಿಂದ ಮತ್ತೆ ಎತ್ತಿಕೊಂಡರು.

ಹದಿನೈದು ದಿನದ ಮೇಲೆ ಸ್ಟುಡಿಯೋದವನು ನಮಗೆಲ್ಲ ನಾಲ್ಕು ಟ್ಯೂನ್ ಕಳಿಸಿದ. ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ಕೇಳಿದೆ. ನಾನು ಜಾರಿದ ಕಡೆಯೆಲ್ಲ ಸ್ವರ ಮೆಟ್ಟಿಲು ಇಳಿದಂತೆ ಟಕ್ ಟಕ್ ಅಂತ ಇಳಿಯುತ್ತಿತ್ತು. ತಕ್ಷಣ ಫೋನ್ ಮಾಡಿದೆ.

"ಶ್ರುತಿ ಜಾರ್ತಿತ್ತಣ್ಣಾ, ಕಂಪ್ಯೂಟರ್‌ನಾಗೆ ಸರಿ ಮಾಡೀನಿ," ಅಂದ.

"ಜಾರಾಕೇ ಈ ವಾದ್ಯ ಇರೋದು ಮಾರಾಯಾ! ಮೊದಲಿದ್ದಂಗೆ ಮಾಡಿಕೊಡು."

"ಹಳೇದು ಅಳಿಸಿಬಿಟ್ಟೆ. ಬೇರೆ ಕೆಲ್ಸಕ್ಕೆ ಜಾಗ ಬೇಕಿತ್ತು. ಐದನೇದು ಇನ್ನೂ ಮುಟ್ಟಿಲ್ಲ ನೋಡ್ರಿ."

ನಂಬದೆ ದಾವಣಗೆರೆಗೇ ಹೋದೆ. ಅವನು ಕಂಪ್ಯೂಟರ್ ತೆರೆದು ತೋರಿಸಿದ, ನಿಜಕ್ಕೂ ಇರಲಿಲ್ಲ. ಪಾಪ, ನಾಲ್ಕು ದಿನ ಕೂತು ಒಂದೊಂದೇ ಸ್ವರ ತಿದ್ದಿದ್ದನಂತೆ. ಮೆಚ್ಚುತ್ತೇನೆ ಅಂದುಕೊಂಡಿದ್ದ. ಬೈಯಲೂ ಆಗಲಿಲ್ಲ. ಐದನೆಯದನ್ನು ಮುಟ್ಟಬೇಡ ಅಂತ ಹೇಳಿ ಎದ್ದು ಬಂದೆ.

ಮತ್ತೆ ರೆಕಾರ್ಡ್ ಮಾಡೋಣ ಅಂತ ಹಿರಿಯರನ್ನು ಕೇಳಲು ಸಾಸ್ವೆಹಳ್ಳಿಗೆ ಹೋದೆ. ಅವರು ಆಗಲೇ ಮನೆಯವರಿಗೆಲ್ಲ ಆ ನಾಲ್ಕು ಟ್ಯೂನ್ ಕೇಳಿಸಿದ್ದರು.

"ನನಗೆ ಇನ್ನೊಂದು ಸಲ ಅಷ್ಟು ಊದಾಕೆ ಆಗಲ್ಲಪ್ಪ," ಅಂದರು. "ಇದೇ ಚೆಂದ ಐತೆ, ಬಿಡು."

ಮೂರನೇ ಟ್ಯೂನಿನಲ್ಲಿ ಜಾರಿದ್ದು ಹೋಯಿತು ಅಂತ ಹೇಳಲು ಬಂದವನು, ಅವರು ಕೊಟ್ಟ ಚಹಾ ಕುಡಿದು ಬಸ್ ಹತ್ತಿದೆ. ಟೀಚರಮ್ಮನೂ ಡ್ರಮ್ಮಿನವನೂ ಬಿಡುಗಡೆ ಮಾಡೋಣ ಅಂದರು. ಮೂವರ ಕೆಲಸವನ್ನು ನನ್ನ ಸಿಟ್ಟಿಗಾಗಿ ತಡೆಯುವುದು ಸರಿಯೆನಿಸಲಿಲ್ಲ. ತಿದ್ದದ ಐದನೆಯದೂ ಸೇರಿ ಐದೂ ಟ್ಯೂನ್ ಯೂಟ್ಯೂಬಿಗೆ ಹಾಕಿದೆವು.

ಈಗ ಅದನ್ನು ಕೇಳಿದವರು ಯಾರಾದರೂ ತಡೆದು ನಿಲ್ಲಿಸಿ, "ಭಾಳ ನೀಟಾಗಿ ಊದೀರಿ," ಅನ್ನುತ್ತಾರೆ. ಹೊಗಳಿದವರ ಮೇಲೆ ಸಿಟ್ಟಾಗಬಾರದು ಅಂತ ಗೊತ್ತು. ಆದರೂ ಸಿಟ್ಟಾಗುತ್ತೇನೆ.